ಹಾಸುಗಲ್ಲಿನಲ್ಲಿ ಕೊರೆದ ದಾರಿ

ಈ ಮಾತನ್ನು ಎಲ್ಲರೆದುರು ಹೇಳುವುದನ್ನು ನಾನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಮೊದಲು ನೌಕರಿ ಹೋದೀತೆಂದು ಸುಮ್ಮನಿದ್ದೆ. ಆಮೇಲೆ ತಾಯಿ ಬದುಕಿರುವ ತನಕ ಬೇಡ ಅಂದುಕೊಂಡೆ. ತಾಯಿ ಹೋದ ಮೇಲೆ, ಈಗ ಹೇಳಿ ಯಾರಿಗೇನು ಉಪಯೋಗ ಅಂದುಕೊಂಡೆ. ಒಂದೊಂದು ಕಾಲಕ್ಕೆ ಒಂದೊಂದು ನೆವ ಸಿಗುತ್ತಿತ್ತು. ಈಗ ನೆವಗಳೂ ಮುಗಿದಿವೆ. ಕಣ್ಣು ಮಂಜಾಗಿದೆ, ಬರೆದ ಅಕ್ಷರ ಗೆರೆ ಬಿಟ್ಟು ಕೆಳಗಿಳಿಯುತ್ತದೆ. ಬರೆಯಬೇಕಾದದ್ದು ಒಂದು ಹೊಳೆಯ ವಿಷಯ, ಮತ್ತು ಆ ಹೊಳೆಯ ನೆಪದಲ್ಲಿ ಒಳ್ಳೆಯ ಹೆಸರು ಕಳೆದುಕೊಂಡ ಒಬ್ಬ ಹೆಣ್ಣುಮಗಳ ವಿಷಯ. ಹೊಳೆಯನ್ನು ಕೆಡಿಸಿದವನು ನಾನು. ಹೆಸರು ಹೋದದ್ದು ಆಕೆಯದು.

ನಮ್ಮ ಊರು ಸೋಲಾಪುರದ ಕಡೆಯ ಅಕ್ಕಲಕೋಟ ತಾಲೂಕಿನದು. ಕರಜಗಿಯಲ್ಲಿ ಎಸ್‌ಟಿ ಬಸ್ಸು ಇಳಿದು ಬಂಡಿದಾರಿ ಹಿಡಿದು ನಡೆದರೆ ಮೊದಲು ಹೊಳೆ ಸಿಗುತ್ತದೆ, ಹೊಳೆ ದಾಟಿದರೆ ಊರು. ದೊಡ್ಡ ಹೊಳೆಯೇನಲ್ಲ. ಭೀಮೆಗೆ ಹೋಗಿ ಸೇರುವ ಹಲವು ಹೊಳೆಗಳಲ್ಲಿ ಒಂದು. ಮಳೆಗಾಲದಲ್ಲಿ ನಾಲ್ಕಾರು ಸಲ ತುಂಬಿ ಹರಿದು, ದೀಪಾವಳಿಯ ಹೊತ್ತಿಗೆ ಹಿಮ್ಮಡಿ ನೆನೆಯುವಷ್ಟಾಗಿ, ಸಂಕ್ರಾಂತಿ ಕಳೆದ ಮೇಲೆ ಕಣ್ಣಿಗೆ ಕಾಣದಂತಾಗುತ್ತಿತ್ತು. ಆಮೇಲೆ ಈ ದಂಡೆಯಿಂದ ಆ ದಂಡೆಗೆ ಬರೀ ಉಸುಕು. ಹೊಸದಾಗಿ ಬಂದ ಬೀಗರು ನೋಡಿ, ನಿಮ್ಮ ಹೊಳೆ ಬತ್ತಿದೆಯಲ್ಲ ಅನ್ನುತ್ತಿದ್ದರು. ನಮ್ಮವರು ನಗುತ್ತಿದ್ದರು. “ಬತ್ತಿಲ್ಲರಿ, ಒಳಗ ಹೋಗ್ಯಾಳ” ಅನ್ನುತ್ತಿದ್ದರು, ಮನೆಯ ಹೆಂಗಸು ಅಡಿಗೆಮನೆಗೆ ಹೋಗಿದ್ದಾಳೆ ಎಂದು ಹೇಳುವ ಹಾಗೆ.

ಒಳಗೆ ಹೋದ ಹೊಳೆಯನ್ನು ಹೊರಗೆ ಕರೆಯಲು ಒರತೆ ತೆಗೆಯುತ್ತಿದ್ದರು. ಊರ ಕೆಳಗಿನ ತಿರುವಿನಲ್ಲಿ, ಉಸುಕು ದಪ್ಪಗೆ ಕೂತ ಜಾಗದಲ್ಲಿ, ಕುಣಿ ತೋಡುವುದು. ಮೊದಲು ಬೆಚ್ಚಗಿನ ಒಣ ಉಸುಕು, ಕೆಳಗೆ ತಣ್ಣನೆಯ ಉಸುಕು, ಅದರ ಕೆಳಗೆ ನೀರು. ಬೇಸಿಗೆ ಮುಗಿಯುವ ತನಕ ಇಡೀ ಊರು ಕುಡಿಯುತ್ತಿದ್ದದ್ದು ಆ ನೀರನ್ನೇ.

ವರ್ಷದ ಮೊದಲ ಒರತೆಯನ್ನು ಯಾರು ಬೇಕಾದವರು ತೆಗೆಯುವಂತಿರಲಿಲ್ಲ. ಕೈಗುಣ ಇದ್ದ ಒಬ್ಬ ಹೆಂಗಸು ತೆಗೆಯಬೇಕು. ಅಂಥವಳನ್ನು ಗೊತ್ತುಮಾಡುವ ರೀತಿಯೂ ಸರಳ: ಹಳಬಳಿಗೆ ವಯಸ್ಸಾದರೆ ಹೊಸ ಸೊಸೆಯೊಬ್ಬಳ ಕೈಯಲ್ಲಿ ತೋಡಿಸುವುದು. ಸಿಹಿನೀರು ಬಂದರೆ ಆ ಕೆಲಸ ಮುಂದೆ ಅವಳದೇ. ಅದು ಒರತೆಗೆ ಮಾತ್ರ ಮುಗಿಯುತ್ತಿರಲಿಲ್ಲ. ಬಿತ್ತಿಗೆಯ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕಲು ಅವಳನ್ನೇ ಕರೆಯುವರು. ಹೊಸ ಮನೆಯ ಅಡಿಪಾಯಕ್ಕೆ ಅವಳೇ ನೀರು ಹಾಕಬೇಕು. ಹುಟ್ಟಿದ ಕೂಸಿಗೆ ಅವಳೇ ಮೊದಲ ನೀರು ಎರೆಯಬೇಕು. ಊರಲ್ಲಿ ಯಾವುದು ಶುರುವಾದರೂ ಅವಳ ಕೈಯಿಂದ ಶುರು.

ಎಪ್ಪತ್ತರ ಸುಮಾರಿಗೆ ನನ್ನ ಅಣ್ಣನ ಮದುವೆಯಾಯಿತು. ನಾನಾಗ ಅಕ್ಕಲಕೋಟದಲ್ಲಿ ಹೈಸ್ಕೂಲು ಓದುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ. ವೈನಿ ಅಂದರೆ ನಮ್ಮಲ್ಲಿ ಅತ್ತಿಗೆ; ಆಕೆ ಭೀಮೆಯ ದಂಡೆಯ ಹಳ್ಳಿಯವಳು. ಬಂದ ಹೊಸದರಲ್ಲಿ ನಮ್ಮ ಹೊಳೆಯನ್ನು ಹೊಳೆ ಎಂದು ಕರೆಯಲಿಕ್ಕೇ ಆಕೆಗೆ ನಗು ಬರುತ್ತಿತ್ತು. ಆ ಸಂಕ್ರಾಂತಿಯಾದ ಮೇಲೆ ಓಣಿಯ ಹೆಂಗಸರೆಲ್ಲ ಸೇರಿ ಆಕೆಯನ್ನು ತಿರುವಿಗೆ ಕರೆದುಕೊಂಡು ಹೋದರು. ಅಂದು ಊರಲ್ಲೇ ಇದ್ದ ನಾನೂ ಹಿಂದೆ ಹೋಗಿ ದಂಡೆಯ ಮೇಲೆ ಕೂತೆ. ಮೂಢನಂಬಿಕೆಯ ಬಗ್ಗೆ ಮಾಸ್ತರರು ಹೇಳಿಕೊಟ್ಟದ್ದು ತಲೆಯಲ್ಲಿತ್ತು. ನೋಡಿ ನಗಬೇಕೆಂದೇ ಹೋಗಿದ್ದೆ.

ಅಲ್ಲಿಯವರೆಗೆ ಒರತೆ ತೆಗೆಯುತ್ತಿದ್ದವಳು ಹಲ್ಲೆಲ್ಲ ಹೋದ ಒಬ್ಬ ಮುದುಕಿ. ಊರೆಲ್ಲ ಅವಳನ್ನು ಆಯಿ ಅನ್ನುತ್ತಿತ್ತು. ಅವಳು ಕೋಲೂರಿ ನಿಂತು ಅಂದಳು, “ಹೊಸಾ ಸೊಸಿ ಕೈ ನೋಡೂಣು. ರೊಟ್ಟಿ ಬಡೀಲಿಕ್ಕಂತೂ ಬರೂದಿಲ್ಲ, ನೀರರೆ ಬರ್ತದೇನ.”

ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿದ್ದಳು. ತಲೆ ಎತ್ತದೆಯೇ ಅಂದಳು, “ನೀರು ಬಂದ್ರ ನಾಳಿಂದ ರೊಟ್ಟಿ ನೀವ ಬಡೀರಿ ಆಯಿ.”

ಹೆಂಗಸರು ನಕ್ಕರು. ಆಕೆ ತೋಡತೊಡಗಿದಳು. ಎರಡೂ ಕೈಯಿಂದ ಉಸುಕನ್ನು ಬಾಚಿ ಬದಿಗೆ ಒಟ್ಟುವುದು, ಬದಿ ಕುಸಿದರೆ ಮತ್ತೆ ಬಾಚುವುದು. ಮೊಳಕೈ ಮುಳುಗಿತು. ಆಮೇಲೆ ತೋಳು. ಒಂದು ಹಂತದಲ್ಲಿ ಆಕೆ ಕೈ ಹೊರಗೆ ತೆಗೆದು ಸುಮ್ಮನೆ ಕೂತಳು. ನಾನು ದಂಡೆಯಿಂದ ಇಳಿದು ಹತ್ತಿರ ಹೋಗಿ ಬಗ್ಗಿ ನೋಡಿದೆ. ಕುಣಿಯ ತಳದಲ್ಲಿ ಉಸುಕಿನ ಬಣ್ಣ ಗಾಢವಾಗಿತ್ತು. ನೋಡುನೋಡುತ್ತಿದ್ದಂತೆ ಅದರ ಮೇಲೆ ಹೊಳಪು ಮೂಡಿತು. ಆಮೇಲೆ ನಡುವಿನಲ್ಲಿ ಸಾಸಿವೆಯಷ್ಟು ದೊಡ್ಡ ಉಸುಕಿನ ಕಾಳುಗಳು ಕುಣಿಯತೊಡಗಿದವು. ಅವುಗಳನ್ನು ಕೆಳಗಿನಿಂದ ಯಾರೋ ಉಸಿರಿನಿಂದ ಎತ್ತುತ್ತಿದ್ದ ಹಾಗೆ. ಮೊದಲು ಕದಡಿದ ನೀರು, ಪರಟೆಯಿಂದ ತೋಡಿ ಚೆಲ್ಲಿದ ಮೇಲೆ ತಿಳಿನೀರು. ಎಷ್ಟು ತಿಳಿಯೆಂದರೆ ಕುಣಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಬೆರಳು ಇಟ್ಟೇ ನೋಡಬೇಕು. ಸುತ್ತ ಅಷ್ಟು ದೂರ ಬಿಸಿಲು, ಒಣ ಉಸುಕು. ಅದರ ನಡುವೆ ಬೊಗಸೆಯಷ್ಟು ಜಾಗದಲ್ಲಿ ಇಡೀ ಹೊಳೆ ಕಣ್ಣು ತೆರೆದು ನನ್ನನ್ನು ನೋಡಿತು. ನಗಲು ಹೋದವನ ಮೈಯೆಲ್ಲ ಝುಂ ಅಂದಿತು.

ಮೊದಲ ಪರಟೆ ನೀರನ್ನು ಆಕೆ ಹೊಳೆಗೇ ಸುರಿದಳು, ಅದು ಪದ್ಧತಿ. ಎರಡನೆಯದನ್ನು ನನಗೆ ಕೊಟ್ಟಳು. “ಕುಡಿ ತಮ್ಮಾ. ಶಾಣ್ಯಾ ಆಗೀದಿ ಅಂತ, ನೀರಡಿಕಿ ಆಗೂದಿಲ್ಲೇನ” ಅಂದಳು. ಆ ನೀರಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ರುಚಿಯೆಂದರೆ ಏನೂ ಇಲ್ಲ, ಬರೀ ತಂಪು.

ಮುಂದೆ ದೊಡ್ಡ ಬರ ಬಂತು. ಎಪ್ಪತ್ತೆರಡರ ಬರವೆಂದರೆ ನಮ್ಮ ಕಡೆಯ ನನ್ನ ವಯಸ್ಸಿನವರು ಈಗಲೂ ಮಾತು ನಿಲ್ಲಿಸುತ್ತಾರೆ. ಮುಗಿಲು ಒಡೆಯಲೇ ಇಲ್ಲ. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಊರವರ ಜೊತೆ ಸರಕಾರದ ಕಾಮಗಾರಿಯಲ್ಲಿ ರಸ್ತೆಗೆ ಹಾಕುವ ಖಡಿಕಲ್ಲು ಒಡೆದೆ, ರೇಷನ್ನಿನ ಕೆಂಪು ಜೋಳದ ರೊಟ್ಟಿ ತಿಂದೆ. ಆ ವರ್ಷ ಹೊಳೆ ಒಂದು ಸಲವೂ ತುಂಬಿ ಹರಿಯಲಿಲ್ಲ. ಆದರೂ ವೈನಿ ತೋಡಿದ ಒರತೆಯಲ್ಲಿ ನೀರು ಬಂತು. ಆಳಕ್ಕೆ ಹೋಗಬೇಕಾಯಿತು, ಉಸುಕಿನಲ್ಲಿ ಮೆಟ್ಟಿಲು ಮಾಡಿಕೊಂಡು ಇಳಿಯಬೇಕಾಯಿತು, ಒಂದು ಕೊಡ ತುಂಬಲು ಬಹಳ ಹೊತ್ತು ಕಾಯಬೇಕಾಯಿತು. ಆದರೆ ಬಂತು. ಸುತ್ತಲಿನ ಹಳ್ಳಿಗಳಿಂದ ಬಂಡಿಯಲ್ಲಿ ಪೀಪಾಯಿ ಇಟ್ಟುಕೊಂಡು ಬಂದರು. ಮುಗಿಲು ಕೈಬಿಟ್ಟ ವರ್ಷದಲ್ಲಿ ಹಳೆಯ ಮಳೆಗಳನ್ನೆಲ್ಲ ಈ ಉಸುಕು ಎಲ್ಲಿ ಬಚ್ಚಿಟ್ಟುಕೊಂಡಿತ್ತು ಎಂದು ನಾನು ಕುಣಿಯ ಅಂಚಿನಲ್ಲಿ ಕೂತು ಯೋಚಿಸುತ್ತಿದ್ದೆ. ಯಾವ ವರ್ಷದ ಮಳೆ ಇದು? ನಾನು ಹುಟ್ಟುವ ಮೊದಲಿನದೋ? ಊರವರಿಗೆ ಅಂಥ ಪ್ರಶ್ನೆ ಇರಲಿಲ್ಲ. ಆ ಹೆಣ್ಣುಮಗಳ ಕೈಯಲ್ಲಿ ಗಂಗೆ ಇದ್ದಾಳೆ ಅಂದರು. ಬೇರೆ ಊರಿನವರೂ ಕೂಸಿಗೆ ಎರೆಯಲು ಆಕೆಯನ್ನು ಕರೆಯತೊಡಗಿದರು. ಹೋಗುವಾಗ ಹಸಿರು ಸೀರೆ ಉಡುತ್ತಿದ್ದಳು. ನನ್ನ ತಾಯಿ, ಇವಳು ಮನೆಯಲ್ಲಿ ನಿಲ್ಲುವುದೇ ಇಲ್ಲ ಎಂದು ಗೊಣಗುತ್ತಿದ್ದಳು, ಗೊಣಗುವಾಗ ಅವಳ ಮುಖ ಅರಳಿರುತ್ತಿತ್ತು.

ಬರ ಕಳೆದ ಮೇಲೆ ನಾನು ಸೋಲಾಪುರಕ್ಕೆ ಹೋದೆ. ಸುಣ್ಣ, ಸಿಮೆಂಟು, ಉಸುಕಿನ ವ್ಯಾಪಾರದ ಒಬ್ಬ ಸಾವ್ಕಾರರ ಹತ್ತಿರ ಕೆಲಸ ಸಿಕ್ಕಿತು. ಮರಾಠಿಯೂ ಕನ್ನಡವೂ ಬರೆಯಲು ಬರುತ್ತದೆ, ಹಳ್ಳಿಗಳ ದಾರಿ ಗೊತ್ತಿದೆ ಎಂದು ಇಟ್ಟುಕೊಂಡರು. ಆಗ ವಿಜಾಪುರ ರಸ್ತೆಯ ಎರಡೂ ಕಡೆ ಜೋಳದ ಹೊಲಗಳು ಪ್ಲಾಟುಗಳಾಗುತ್ತಿದ್ದವು. ಮನೆಗಳು ಏಳುತ್ತಿದ್ದವು, ಮಣ್ಣಿನ ಮಾಳಿಗೆಯ ಬದಲು ಸಿಮೆಂಟಿನ ಸ್ಲ್ಯಾಬು ಬರುತ್ತಿತ್ತು. ಸ್ಲ್ಯಾಬಿಗೆ ಮಣ್ಣಿಲ್ಲದ ದಪ್ಪ ಉಸುಕು ಬೇಕು. ಎಲ್ಲಿ ಸಿಗುತ್ತದೆ ಎಂದು ಸಾವ್ಕಾರರು ಎಲ್ಲರನ್ನೂ ಕೇಳುತ್ತಿದ್ದರು. ನನ್ನನ್ನು ಕೇಳಿರಲಿಲ್ಲ. ನಾನೇ ಮುಂದೆ ಬಿದ್ದು ಹೇಳಿದೆ: ನಮ್ಮ ಊರ ಹೊಳೆಯ ಉಸುಕು ತೊಳೆದಿಟ್ಟ ಜೋಳದ ಕಾಳಿನಂತಿದೆ. ಹಾಗೆ ಹೇಳುವಾಗ ಎದೆ ಉಬ್ಬಿತ್ತು. ನಮ್ಮ ಊರಲ್ಲೂ ಸೋಲಾಪುರಕ್ಕೆ ಬೇಕಾದದ್ದೊಂದು ಇದೆಯಲ್ಲ ಎಂದು.

ಲಾರಿಗಳು ಬಂದವು. ನಾನು ಡ್ರೈವರನ ಪಕ್ಕ ಕೂತು ದಾರಿ ತೋರಿಸುತ್ತಿದ್ದೆ. ಒರತೆಯ ಜಾಗವನ್ನು ಮುಟ್ಟಗೊಡಲಿಲ್ಲ, ಅಷ್ಟು ನನಗೂ ಗೊತ್ತಿತ್ತು. ತಿರುವು ಮುಗಿಯುವಲ್ಲಿ, ಊರಿಗೆ ಕಾಣದಷ್ಟು ಕೆಳಗೆ, ಉಸುಕು ತುಂಬಿಸುತ್ತಿದ್ದೆ. ಅಲ್ಲೊಂದು ತೊಂದರೆ ಇತ್ತು. ಆ ದಂಡೆಯಿಂದ ಈ ದಂಡೆಯವರೆಗೆ ಹೊಳೆಗೆ ಅಡ್ಡಲಾಗಿ ಕರಿಕಲ್ಲಿನ ಒಂದು ಹಾಸು. ಕೆಳಗಿನಿಂದ ನೋಡಿದರೆ ಆಳೆತ್ತರದ ಗೋಡೆ. ಮೇಲಿನ ಕಡೆ ಅದರ ಅಂಚಿನ ತನಕ ಉಸುಕು ತುಂಬಿಕೊಂಡಿತ್ತು. ಲಾರಿ ರಸ್ತೆಗೆ ಹೋಗಬೇಕಾದದ್ದು ಕೆಳಗಿನ ಪಾತ್ರದಿಂದಲೇ, ತುಂಬಿದ ಲಾರಿ ಅದನ್ನು ಇಳಿಯಲಾರದು. ಸುತ್ತಿ ಹೋದರೆ ಗಾಲಿ ಹೂತುಕೊಳ್ಳುತ್ತದೆ. ಇದಕ್ಕೇನು ಮಾಡುವುದು ಎಂದು ಸಾವ್ಕಾರರು ಕೇಳಿದಾಗ ಉಪಾಯ ಹೇಳಿದವನೂ ನಾನೇ. ಕಲ್ಲು ಒಡೆಯುವವರನ್ನು ಕರೆಸಿ, ಹಾಸುಗಲ್ಲಿನ ನಡುವೆ ಒಂದು ಲಾರಿ ಹಿಡಿಸುವಷ್ಟು ಅಗಲಕ್ಕೆ, ಬುಡದ ತನಕ ಒಡೆಸಿ ದಾರಿ ಮಾಡಿಸಿದೆ. ಹಾರೆ, ಬೆಣೆ, ಸುತ್ತಿಗೆಯ ಕೆಲಸ. ನಾನು ನೆರಳಿನಲ್ಲಿ ನಿಂತು ಕೈಮಾಡಿ ತೋರಿಸುತ್ತಿದ್ದೆ. ಡ್ರೈವರ ನನ್ನನ್ನು ಇಂಜಿನಿಯರ್ ಸಾಹೇಬ ಎಂದು ಕರೆದು ಚೇಷ್ಟೆ ಮಾಡುತ್ತಿದ್ದ. ಚೇಷ್ಟೆಯೆಂದು ಗೊತ್ತಿದ್ದರೂ ನನಗೆ ಹಿತವಾಗುತ್ತಿತ್ತು.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಹೋದಾಗ ಕಂಡದ್ದನ್ನು ಹೇಗೆ ಹೇಳಲಿ. ನಾವು ಒಡೆದ ಸಂದಿನಲ್ಲಿ ನೀರು ಹರಿಯುತ್ತಿತ್ತು. ಬೇಸಿಗೆ ಹತ್ತಿರ ಬಂದಿತ್ತು, ಹೊಳೆಯಲ್ಲಿ ಎಲ್ಲೂ ಒಂದು ಹನಿ ಕಾಣುವಂತಿರಲಿಲ್ಲ. ಆದರೆ ಕಡಿದ ಉಸುಕಿನ ಬುಡ ಬೆವತಿತ್ತು. ಬೆವರು ಎಳೆಗಳಾಗಿ, ಎಳೆಗಳು ಕೂಡಿ ಮುಂಗೈ ದಪ್ಪದ ಧಾರೆಯಾಗಿ, ಹೊಸದಾಗಿ ಒಡೆದ ಕರಿಕಲ್ಲಿನ ಮೇಲೆ ಹೊಳೆಯುತ್ತ ಕೆಳಗಿನ ಒಣ ಪಾತ್ರಕ್ಕೆ ಇಳಿಯುತ್ತಿತ್ತು. ಅಷ್ಟರಲ್ಲೇ ಎಲ್ಲಿಂದಲೋ ಹಳದಿ ಚಿಟ್ಟೆಗಳು ಬಂದು ಹಸಿ ಕಲ್ಲಿನ ಮೇಲೆ ಕೂತಿದ್ದವು. ಬಾಲ ಕುಣಿಸುವ ಸಣ್ಣ ಹಕ್ಕಿಯೊಂದು ಅಂಚಿನಲ್ಲಿ ಓಡಾಡುತ್ತಿತ್ತು. ಸದ್ದು ಕೇಳಿದರೆ, ಒಂದು ಮನೆಯಲ್ಲಿ ಹೆಂಗಸರು ಒಳಗೊಳಗೇ ಮಾತಾಡುತ್ತಿದ್ದಂತೆ.

ಕಲ್ಲು ಒಡೆದವರಲ್ಲಿ ಹಿರಿಯನಾದವನು ಪಾದರಕ್ಷೆ ಬಿಟ್ಟು ಕೈಮುಗಿದ. “ಗಂಗವ್ವ ತಾನ ಬಂದಾಳ, ಹಂಗ ಬಿಡಬ್ಯಾಡ್ರಿ” ಅಂದ. ನಾನು ಡ್ರೈವರನನ್ನು ಕರಜಗಿಗೆ ಓಡಿಸಿ ತೆಂಗಿನಕಾಯಿ, ಕುಂಕುಮ, ಊದುಬತ್ತಿ ತರಿಸಿದೆ. ಆ ಧಾರೆಗೆ ಪೂಜೆ ಮಾಡಿದೆವು. ಕಾಯಿ ಒಡೆದವನು ನಾನು. ಎಲ್ಲರೂ ಬೊಗಸೆಯೊಡ್ಡಿ ಕುಡಿದೆವು. ಅದೇ ತಂಪು. ಅದೇ ನೀರು ಎಂದು ನಾಲಿಗೆ ಹೇಳಿತು, ತಲೆ ಕೇಳಿಸಿಕೊಳ್ಳಲಿಲ್ಲ. ಹೊಳೆ ನನ್ನ ಕೆಲಸಕ್ಕೆ ಮೆಚ್ಚಿ ಪ್ರಸಾದ ಕೊಟ್ಟಿದೆ ಎಂದೇ ನಂಬಿದೆ. ನನ್ನ ಬದುಕಿನಲ್ಲಿ ಅಷ್ಟು ಭಕ್ತಿಯಿಂದ ನಾನು ಮತ್ತೆ ಕೈಮುಗಿದಿಲ್ಲ. ಒಂದು ಊರಿನ ಬೇಸಿಗೆಯ ನೀರೆಲ್ಲ ಸೋರಿ ಹೋಗುತ್ತಿರುವುದಕ್ಕೆ ನಾನು ಆರತಿ ಎತ್ತಿದ್ದೆ.

ಧಾರೆ ಕೆಲವು ವಾರ ಹರಿಯಿತು. ಆಮೇಲೆ ಎಳೆಯಾಯಿತು, ಆಮೇಲೆ ಕಲ್ಲಿನ ಮೇಲೆ ಒದ್ದೆ ಕಲೆ. ಆಗ ಲಾರಿಗೆ ದಾರಿ ಇನ್ನೂ ಸಲೀಸಾಯಿತು ಎಂದು ಖುಷಿಯಾಯಿತು.

ಯುಗಾದಿಗೆ ಊರಿಗೆ ಹೋದೆ. ಹಿಂದಿನ ಮಳೆಗಾಲ ಚೆನ್ನಾಗಿಯೇ ಆಗಿತ್ತು, ಹೊಳೆ ಎರಡೂ ದಂಡೆ ಮುಟ್ಟಿ ಹರಿದಿತ್ತು. ಸಂಕ್ರಾಂತಿಯಲ್ಲಿ ವೈನಿ ತೆಗೆದ ಒರತೆ ಎಂದಿನಂತೆ ತುಂಬಿತ್ತು. ಆದರೆ ನಾನು ಹೋದ ದಿನ ತಿರುವಿನಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು, ಕೊಡಗಳು ಉಸುಕಿನ ಮೇಲೆ ಉರುಳಿದ್ದವು. ಒರತೆ ಬತ್ತಿತ್ತು. ವೈನಿ ಪಕ್ಕದಲ್ಲಿ ಇನ್ನೊಂದು ತೋಡಿದ್ದಳು, ಅದರಾಚೆ ಮತ್ತೊಂದು. ಭುಜದ ತನಕ ಕೈ ಹಾಕಿ ತೋಡುತ್ತಿದ್ದಳು. ಕೈ ಹೊರಗೆ ಬಂದಾಗ ಉಗುರಿನ ಸಂದಿಯಲ್ಲಿ ರಕ್ತವೂ ತಳದ ಜೇಡಿಯೂ ಕೂಡಿ ಅಂಟಿದ್ದವು. ನೀರಿರಲಿಲ್ಲ. ಹೆಂಗಸರು ಆಕೆಯ ಮುಖ ನೋಡದೆ ಆಕೆಯ ಕೈಗಳನ್ನು ನೋಡುತ್ತಿದ್ದರು.

ನಾನು ಹಾಸುಗಲ್ಲಿನ ತನಕ ನಡೆದು ಹೋದೆ. ಒಡೆದ ಕಾಯಿಯ ಪರಟೆ ಅಲ್ಲೇ ಒಣಗಿ ಬಿದ್ದಿತ್ತು. ಸಂದಿನ ತಳದಲ್ಲಿ ನಿಂತು ಮೇಲಕ್ಕೆ, ತಿರುವಿನ ಕಡೆಗೆ ನೋಡಿದೆ. ಹೊಳೆಗೆ ಒಂದು ಹೊಸ್ತಿಲು ಇತ್ತು, ಆ ಹೊಸ್ತಿಲಿನ ಹಿಂದೆ ಉಸುಕಿನ ಒಳಗೆ ಒಂದು ಕೆರೆಯೇ ಕೂತಿತ್ತು. ಬರದ ವರ್ಷದಲ್ಲಿ ಊರನ್ನು ಉಳಿಸಿದ್ದು ಆ ಕೆರೆ. ನಾನು ಅದರ ತೂಬು ಕಿತ್ತಿದ್ದೆ. ತಿಳಿದ ಕೂಡಲೇ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಬೆರಗು. ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಇಲ್ಲಿತ್ತೇ ಎಂಬ ಬೆರಗು. ಅದರ ಬೆನ್ನಿಗೇ ಹೆದರಿಕೆ ಬಂತು. ನಾಚಿಕೆ ಬರಲು ವರ್ಷಗಳು ಹಿಡಿದವು.

ಆ ಸಂಜೆ ಚಾವಡಿಯಲ್ಲಿ ಜನ ಕೂಡಿತು. ಹೆಂಗಸರು ಗೋಡೆಯಾಚೆ ನಿಂತಿದ್ದರು, ವೈನಿಯೂ ಇದ್ದಳು. ಮಳೆ ಆಗಿದೆ, ಹೊಳೆ ಹರಿದಿದೆ, ಹಾಗಿದ್ದ ಮೇಲೆ ನೀರು ಎಲ್ಲಿಗೆ ಹೋಯಿತು ಎಂಬುದೇ ಎಲ್ಲರ ಪ್ರಶ್ನೆ. ಮುಗಿಲಿನ ಮೇಲೆ ಹಾಕುವಂತಿರಲಿಲ್ಲ. ಉಳಿದದ್ದು ಎರಡೇ: ಲಾರಿ ಅಥವಾ ಕೈಗುಣ. ಊರ ಪಾಟೀಲರು ನ್ಯಾಯವಂತರು. ನನ್ನ ಕಡೆಗೇ ತಿರುಗಿ ಕೇಳಿದರು.

“ನೀ ಲಾರಿ ಸಂಗಾಟ ಇರಾಂವ. ಕೆಳಗ ಹಾಸಗಲ್ಲ ಒಡದೀರಿ ಅಂತ ಕೇಳೀನಿ. ಅದಕ್ಕೂ ಇದಕ್ಕೂ ಏನರೆ ಸಂಬಂಧ ಅದೇನಪಾ?”

ಹೌದು ಅಂದಿದ್ದರೆ ಲಾರಿಗಳು ಅಂದೇ ನಿಲ್ಲುತ್ತಿದ್ದವು. ಸಂದನ್ನು ಕಲ್ಲುಮಣ್ಣಿನಿಂದ ಮುಚ್ಚಬಹುದಿತ್ತು, ಒಂದು ಮಳೆಗಾಲಕ್ಕೆ ಎಲ್ಲ ಮೊದಲಿನಂತಾಗಬಹುದಿತ್ತು. ನನ್ನ ಸೋಲಾಪುರದ ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಅಂದೆ, “ಹಾಸಗಲ್ಲ ಎಲ್ಲಿ, ವರತಿ ಎಲ್ಲಿರಿ. ನೀರು ಕೈಗುಣದ್ದು ಅಂತ ನೀವ ಅಂತಿದ್ರಿ ಅಲ್ಲ.”

ಮನೆಯ ಮಗನೇ ಹೀಗೆ ಅಂದ ಮೇಲೆ ಇನ್ನೇನು ಉಳಿಯಿತು. ಜನ ಎದ್ದು ಹೋದರು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ವೈನಿ ಎಂದಿನಂತೆ ಬಿಸಿ ರೊಟ್ಟಿ ತಂದು ತಾಟಿಗೆ ಹಾಕಿದಳು. ಬೆಳಿಗ್ಗೆ ಆಕೆ ಒಲೆಗೆ ಕುಳ್ಳು ಆರಿಸಲು ಹೊಳೆಯ ಕೆಳಗಿನ ತನಕ ಹೋಗಿದ್ದಳೆಂದು ನನಗೆ ಗೊತ್ತಿತ್ತು. ಅಣ್ಣ ಹೊಲದಲ್ಲಿದ್ದ, ತಾಯಿ ಹೊರಗಿದ್ದಳು. ಆಕೆ ಎಣ್ಣೆ ಹಾಕುತ್ತ ಮೆಲ್ಲಗೆ ಅಂದಳು, “ಕಲ್ಲಿನ್ಯಾಗ ಹಾದಿ ಚಲೋ ಮಾಡೀದಿ ತಮ್ಮಾ. ಹೊಳಿಗೂ ಹಾದಿ ಸಿಕ್ತ.”

ಆಮೇಲೆ ಚಟ್ನಿ ಬೇಕೇನು ಎಂದು ಕೇಳಿದಳು. ನಾನು ಬೇಡವೆಂದು ತಲೆ ಆಡಿಸಿದೆ. ಅಷ್ಟೇ. ಆಕೆ ಅದನ್ನು ಅಣ್ಣನಿಗೆ ಹೇಳಲಿಲ್ಲ, ಪಾಟೀಲರಿಗೆ ಹೇಳಲಿಲ್ಲ. ಹೇಳಬೇಕಾದವನು ನಾನು, ನಾನೇ ಹೇಳುತ್ತೇನೆ ಎಂದು ಕಾದಳು. ಕಾಯುವುದು ಆಕೆಗೆ ಗೊತ್ತಿತ್ತು. ಬರದ ವರ್ಷ ಒಂದು ಕೊಡ ನೀರಿಗೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಿದ್ದವಳು.

ಮಳೆಗಾಲ ಬಂದರೆ ಹೊಳೆಯೇ ಎಲ್ಲ ಸರಿಮಾಡೀತೆಂದು ನನ್ನ ಆಸೆ. ಹೊಸ ಉಸುಕು ತಂದು ಸಂದನ್ನು ತುಂಬೀತು, ನಾನು ಬಾಯಿ ಬಿಡುವ ಪ್ರಸಂಗವೇ ಬರಲಿಕ್ಕಿಲ್ಲ. ಮೃಗಶಿರೆ ಕಳೆದು ಒಂದು ಮಧ್ಯಾಹ್ನ ನಾನು ದಂಡೆಯ ಮೇಲಿದ್ದೆ. ನಮ್ಮಲ್ಲಿ ಮುಗಿಲು ಸ್ವಚ್ಛವಾಗಿತ್ತು, ಮಳೆ ಎಲ್ಲೋ ಮೇಲಿನ ಸೀಮೆಯಲ್ಲಿ ಬಿದ್ದಿತ್ತು. ಮೊದಲು ಹಸಿಮಣ್ಣಿನ ವಾಸನೆ ಬಂತು. ಆಮೇಲೆ ದೂರದಲ್ಲಿ ದನಗಳ ಹಿಂಡು ಓಡಿ ಬಂದಂಥ ಸದ್ದು. ತಿರುವಿನಲ್ಲಿ ಹೊಳೆಯ ತಲೆ ಕಾಣಿಸಿತು: ನೊರೆ, ಕಡ್ಡಿ, ಮುಳ್ಳುಕಂಟಿ, ತರಗೆಲೆಗಳನ್ನು ಮುಂದೆ ದಬ್ಬಿಕೊಂಡು, ಒಣ ಉಸುಕನ್ನು ನೆಕ್ಕುತ್ತ, ಬೆಳ್ಳಗಿದ್ದದ್ದನ್ನು ಕೆಂಪಾಗಿಸುತ್ತ ಬಂತು. ಹಾಸುಗಲ್ಲಿನ ಹತ್ತಿರ ಬಂದು ಒಂದು ಗಳಿಗೆ ತಡೆದು, ಸಂದನ್ನು ಕಂಡುಕೊಂಡಿತು. ಕಂಡುಕೊಂಡ ಮೇಲೆ ಅದರ ದನಿಯೇ ಬೇರೆಯಾಯಿತು. ಇಡೀ ಹೊಳೆ ಒಂದು ಲಾರಿಯಗಲದ ಬಾಯಿಯಲ್ಲಿ ನುಗ್ಗುತ್ತಿತ್ತು. ನಾನು ನಿಂತ ನೆಲ ನಡುಗುತ್ತಿತ್ತು. ಮನುಷ್ಯನು ಒಂದು ಗೀರು ಎಳೆದು ತೋರಿಸಿದರೆ ಸಾಕು, ಉಳಿದದ್ದನ್ನು ಹೊಳೆ ತಾನೇ ಮುಗಿಸುತ್ತದೆ ಎಂದು ಅಂದು ಕಂಡೆ. ನೀರು ಇಳಿದ ಮೇಲೆ ನೋಡಿದರೆ ಸಂದು ಎರಡು ಬಂಡಿ ಹಾಯುವಷ್ಟು ಅಗಲವಾಗಿತ್ತು. ತಿರುವಿನ ಉಸುಕು ಜಾರಿ ಕೆಳಗೆ ಹೋಗಿತ್ತು, ನಾನು ಎಂದೂ ನೋಡದ ಕರಿ ತಳ ಅಲ್ಲಲ್ಲಿ ಮೇಲೆ ಬಂದಿತ್ತು.

ಮುಂದಿನ ವರ್ಷ ಒರತೆ ತೋಡಲು ಬೇರೊಬ್ಬ ಸೊಸೆಯನ್ನು ಕರೆದರು. ಅವಳಿಗೂ ನೀರು ಸಿಗಲಿಲ್ಲ. ಆಗಲಾದರೂ ಜನಕ್ಕೆ ಅರ್ಥವಾಗಬೇಕಿತ್ತು. ಆದರೆ ಮೊದಲಿನವಳ ಕೈ ತಾಗಿ ಜಾಗವೇ ಕೆಟ್ಟಿದೆ ಅಂದರು. ಆಮೇಲೆ ದಂಡೆಯ ಬಾವಿಗಳು ಒಂದೊಂದಾಗಿ ಇಳಿದವು. ಹೊಳೆಯಿಂದ ಅಷ್ಟು ದೂರದ, ಮಠದ ಹಿಂದಿನ ಹಳೆಯ ಬಾವಿಯೂ ಇಳಿಯಿತು. ಇವೆಲ್ಲ ಬೇರೆ ಬೇರೆ ಬಾವಿಗಳೆಂದು ನಾನು ತಿಳಿದಿದ್ದೆ, ಅವೆಲ್ಲ ಒಂದೇ ತಟ್ಟೆಯಿಂದ ಉಣ್ಣುವ ಮಕ್ಕಳಾಗಿದ್ದವು. ಬಾವಿ ಇಳಿದಂತೆ ಉಳ್ಳವರು ಎಣ್ಣೆ ಇಂಜಿನ್ನು ಕೂಡಿಸಿ ಇನ್ನಷ್ಟು ಆಳದಿಂದ ಎಳೆದರು. ಕೆಲವು ವರ್ಷಕ್ಕೆ ಮೇಲಿನ ಊರಿನವರು ತಮ್ಮ ಪಾಲಿಗೆಂದು ಅಡ್ಡ ಒಡ್ಡು ಕಟ್ಟಿಕೊಂಡರು, ನಮಗೆ ಬರುವ ಉಸುಕೂ ಅಲ್ಲೇ ನಿಂತಿತು. ಸಾವ್ಕಾರರ ಲಾರಿಗಳು ಸೀನಾ ಹೊಳೆಯ ಕಡೆ ಹೋದವು. ಲಾರಿಯ ಜೊತೆ ನಾನೂ ಹೋದೆ.

ವೈನಿಯನ್ನು ಬಿತ್ತಿಗೆಗೆ ಕರೆಯುವುದು ನಿಂತಿತು. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ, ಕರೆಯುವುದನ್ನು ಬಿಟ್ಟರು, ಅಷ್ಟೇ. ಆ ಮುದುಕಿ ಆಯಿ ಮಾತ್ರ ಸಾಯುವ ತನಕ ಆಕೆಯನ್ನು ಬಿಡಲಿಲ್ಲ. ಹಸಿರು ಸೀರೆ ಪೆಟ್ಟಿಗೆ ಸೇರಿತು.

ಎಪ್ಪತ್ತೆಂಟರ ಸುಮಾರಿಗೆ ನನ್ನ ಹೆಂಡತಿಯ ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು, ಆಕೆಗೆ ತಾಯಿ ಇರಲಿಲ್ಲ. ಹೆಣ್ಣು ಕೂಸು. ಬೆಳಿಗ್ಗೆ ವೈನಿ ಎದ್ದು ಹಂಡೆಗೆ ಉರಿ ಹಾಕಿ, ಬೇವಿನೆಲೆ ಹಾಕಿ ನೀರು ಕಾಯಿಸಿದ್ದಳು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಿದ್ದಳು. ಸ್ವಂತ ಮನೆಯ ಕೂಸಿಗೆ ಎರೆಯಲು ಯಾರ ಕರೆ ಬೇಕು? ನನ್ನ ತಾಯಿ ಬಾಣಂತಿಯ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತಳು. “ನೀ ಬ್ಯಾಡವ್ವ. ಪಕ್ಕದ ಮನಿಯಾಕಿಗೆ ಹೇಳಿ ಕಳಿಸೀನಿ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಮೊಮ್ಮಗಳಿಗೇನಾದರೂ ಆದೀತೆಂಬ ಹೆದರಿಕೆ.

ವೈನಿ ತಾಯಿಯನ್ನು ನೋಡಲಿಲ್ಲ. ಪಡಸಾಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಮೊಣಕೈ ತನಕ ತೋಳೇರಿಸಿ ಒದ್ದೆ ಕೈಗಳನ್ನು ಮುಂದೆ ಹಿಡಿದು ನಿಂತಿದ್ದಳು. ಒಂದೇ ಮಾತು ಸಾಕಿತ್ತು. ಅವಳ ಕೈಯಲ್ಲಿ ದೋಷವಿಲ್ಲ, ಕಲ್ಲು ಒಡೆಸಿದವನು ನಾನು ಅಂದಿದ್ದರೆ ಆಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು, ಎಸ್‌ಟಿಗೆ ಹೊತ್ತಾಯಿತು ಎಂದು ಹೊರಗೆ ನಡೆದೆ. ಹಂಡೆಯ ನೀರು ಕುದಿಯುತ್ತಿದ್ದ ಸದ್ದು ಬಾಗಿಲ ತನಕ ಕೇಳಿಸಿತು.

ಅಣ್ಣ ಆಮೇಲೆ ಸೋಲಾಪುರದ ಬಟ್ಟೆ ಗಿರಣಿಗೆ ಸೇರಿದ. ವಿಜಾಪುರ ರಸ್ತೆಯ ಒಳಗಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದರು. ಆ ಭಾಗದ ಸ್ಲ್ಯಾಬುಗಳಿಗೆ ನಮ್ಮ ಹೊಳೆಯ ಉಸುಕೇ ಹೋಗಿತ್ತು. ವೈನಿ ಅದರಡಿಯಲ್ಲಿ ಅಡಿಗೆ ಮಾಡಿದಳು, ನಾಲ್ಕೈದು ದಿನಕ್ಕೊಮ್ಮೆ ಬರುವ ನಳಕ್ಕೆ ಕೊಡ ಹಿಡಿದು ಪಾಳಿ ನಿಂತಳು, ಅಲ್ಲೇ ಮುದುಕಿಯಾದಳು. ನಾನು ಹೋದಾಗಲೆಲ್ಲ ಮೊದಲು ನೀರು ಕೊಡುತ್ತಿದ್ದಳು. ತಂಬಿಗೆ ಕೊಟ್ಟು ಒಂದು ಗಳಿಗೆ ಎದುರಿಗೇ ನಿಲ್ಲುತ್ತಿದ್ದಳು. ನಾನು ಕುಡಿದು, ತಂಬಿಗೆ ಕೆಳಗಿಟ್ಟು, ಮಕ್ಕಳ ಸಾಲೆಯ ವಿಷಯ ಮಾತಾಡಿ ಎದ್ದು ಬರುತ್ತಿದ್ದೆ.

ಈಗ ಎಲ್ಲರೂ ಹವಾಮಾನ ಬದಲಾಗಿದೆ ಅನ್ನುತ್ತಾರೆ. ಅದು ನಿಜ, ನಾನೂ ಕಂಡಿದ್ದೇನೆ. ಮಳೆ ತಿಂಗಳುಗಟ್ಟಲೆ ಕಾಣೆಯಾಗಿ ಒಂದೇ ದಿನ ಬಂದು ಸುರಿಯುತ್ತದೆ. ಬಿಸಿಲು ನಮ್ಮ ಕಾಲದ ಬಿಸಿಲಲ್ಲ. ಮೊದಲ ಸಲ ಈ ಮಾತು ಕೇಳಿದಾಗ ನನ್ನ ಎದೆಯ ಭಾರ ಸ್ವಲ್ಪ ಇಳಿದಂತಾಯಿತು. ಹೊಳೆ ಹೋದದ್ದಕ್ಕೆ ಮುಗಿಲೇ ಕಾರಣ ಅಂದರಾಯಿತು. ಆಮೇಲೆ ನೆನಪಾಯಿತು, ಮುಗಿಲು ಪೂರಾ ಕೈಬಿಟ್ಟ ವರ್ಷ ಆ ಉಸುಕು ನಮ್ಮನ್ನು ಸಾಕಿತ್ತು. ಮುಗಿಲು ಹೀಗೆ ಕೆಡುವ ಕಾಲಕ್ಕೆಂದೇ ಹೊಳೆ ತನ್ನ ಒಳಗೆ ನೀರು ಕೂಡಿಟ್ಟಿತ್ತು. ಅದನ್ನು ನಾವು ಮೊದಲೇ ಖಾಲಿ ಮಾಡಿ ಕೂತಿದ್ದೆವು. ಅಂದು ಚಾವಡಿಯಲ್ಲಿ ಒಬ್ಬಳ ಕೈಯ ಮೇಲೆ ಹಾಕಿದ್ದನ್ನು ಇಂದು ಮುಗಿಲಿನ ಮೇಲೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಹೋದ ಮಳೆಗಾಲ ಅಂಥದ್ದೇ ಒಂದು ದೊಡ್ಡ ಮಳೆ ಬಂತು. ನೀರು ಇಳಿದ ಮೇಲೆ ಕೋಲೂರಿಕೊಂಡು ಹೊಳೆಗೆ ಹೋದೆ. ಬುಡಸಮೇತ ಕಿತ್ತುಬಂದ ಒಂದು ಜಾಲಿಮರ ಆ ಹಳೆಯ ಸಂದಿನಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಅದರ ಹಿಂದೆ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ದಪ್ಪ ಉಸುಕು ನಿಂತಿತ್ತು. ತೊಳೆದ ಜೋಳದ ಕಾಳಿನಂಥದು. ಕೂತು ತೋಡಿದೆ. ಮೊಳಕೈ ಮುಳುಗುವಷ್ಟರಲ್ಲಿ ತಳ ಹೊಳೆಯಿತು, ಸಾಸಿವೆಯಂಥ ಕಾಳುಗಳು ಕುಣಿದವು, ಹೊಳೆ ಕಣ್ಣು ತೆರೆಯಿತು. ಅಷ್ಟು ವರ್ಷಗಳ ಮೇಲೆ, ಇಷ್ಟೆಲ್ಲ ಮಾಡಿದ ಕೈಗೂ ನೀರು ಬಂತು. ಯಾರ ಕೈ ಎಂದು ಹೊಳೆ ನೋಡುವುದಿಲ್ಲ, ಎಂದೂ ನೋಡಿರಲಿಲ್ಲ. ಮೊದಲ ಬೊಗಸೆಯನ್ನು ಹೊಳೆಗೆ ಸುರಿದೆ. ಎರಡನೆಯ ಬೊಗಸೆ ಹಿಡಿದು ಯಾರಿಗೆ ಕೊಡಬೇಕೆಂದು ತಿಳಿಯದೆ ಕೂತೆ, ಬೆರಳ ಸಂದಿನಲ್ಲಿ ಸೋರಿ ಹೋಯಿತು.

ಪಾಟೀಲರು ಹಾಸಿಗೆ ಹಿಡಿದಾಗ ಅವರ ಕಿವಿಯಲ್ಲಿ ಹೇಳಿ ಕಾಲು ಮುಟ್ಟಿದ್ದೇನೆ. ಅಣ್ಣನಿಗೆ ಹೇಳಿದ್ದೇನೆ, ಅವನು ಎದ್ದು ಹೋದ. ಹೆಂಡತಿಗೆ, ಮಗಳಿಗೆ ಹೇಳಿದ್ದೇನೆ. ಆ ದಿನ ಹೊಳೆಗೂ ಬಾಯಿಬಿಟ್ಟು ಹೇಳಿದೆ. ಎಲ್ಲರ ಕ್ಷಮೆ ಕೇಳಿದ್ದಾಯಿತು. ಆಕೆ ಸೋಲಾಪುರದಲ್ಲಿ ತೀರಿಕೊಂಡು ಎಷ್ಟೋ ಬೇಸಿಗೆಗಳಾದವು. ಪ್ರತಿ ಸಲ ತಂಬಿಗೆ ಕೊಟ್ಟು ಎದುರಿಗೆ ನಿಂತರೂ ನಾನು ಕ್ಷಮೆ ಕೇಳದೆ ಉಳಿದವಳು ಒಬ್ಬಳೇ, ನನ್ನ ವೈನಿ.